ಮೈಗೊಪ್ಪುವ ಉಣ್ಣೆ ಕೋಟು: ಮನೆ ಹೊಲಿಗೆಯ ಒಂದು ಪರಿಚಯ

ಎದೆ, ಸೊಂಟ, ಭುಜಗಳ ಅಳತೆಗೆ ಸರಿಯಾಗಿ ಕೂರುವ, ಒಳಗೆ ಲೈನಿಂಗ್ ಇರುವ ಉಣ್ಣೆ ಕೋಟನ್ನು ಮನೆಯಲ್ಲೇ ಕತ್ತರಿಸಿ ಹೊಲಿಯುವುದು ಯುರೋಪು, ಉತ್ತರ ಅಮೆರಿಕ, ರಷ್ಯಾಗಳಂಥ ಚಳಿ ನಾಡುಗಳಲ್ಲಿ ಬೆಳೆದುಬಂದ ಕಸುಬು. ಹೊಲಿಗೆ ಕಲಿತವರು ಸ್ಕರ್ಟು, ಬ್ಲೌಸು, ಫ್ರಾಕುಗಳಲ್ಲಿ ಕೈ ಪಳಗಿಸಿಕೊಂಡ ಮೇಲೆ ಇದಕ್ಕೆ ಇಳಿಯುತ್ತಾರೆ. ಫ್ರಾಕಿನಲ್ಲಿ ಬಟ್ಟೆ ಕತ್ತರಿಸಿ ತುಂಡುಗಳನ್ನು ಜೋಡಿಸಿದರೆ ಬಹುಪಾಲು ಕೆಲಸ ಮುಗಿಯಿತು. ಕೋಟಿನಲ್ಲಿ ಹಾಗಲ್ಲ. ಹೊರಗೆ ಕಾಣುವ ಉಣ್ಣೆಯ ಹಿಂದೆ ಕ್ಯಾನ್ವಾಸ್, ಹತ್ತಿಯ ಪಟ್ಟಿ, ಭುಜದ ಪ್ಯಾಡು, ಲೈನಿಂಗ್ ಎಲ್ಲ ಸೇರಿ ಇನ್ನೊಂದು ಕೋಟೇ ಅಡಗಿರುತ್ತದೆ. ಕಾಲರು ಕುತ್ತಿಗೆಗೆ ಅಂಟಿ ನಿಲ್ಲುವುದು, ಎದೆ ಸೊಟ್ಟಗಾಗದೆ ತುಂಬಿಕೊಳ್ಳುವುದು, ತೋಳು ಸುಕ್ಕಿಲ್ಲದೆ ಇಳಿಯುವುದು ಈ ಒಳಪದರದಿಂದ, ಜೊತೆಗೆ ಇಸ್ತ್ರಿಯ ಹಬೆಯಿಂದ. ಅಳತೆ ತಪ್ಪದ ಕತ್ತರಿ ಇಲ್ಲಿ ಅರ್ಧ ವಿದ್ಯೆ ಮಾತ್ರ. ಮಿಕ್ಕರ್ಧ ಬಟ್ಟೆಯನ್ನು ತಿದ್ದಿ ಆಕಾರಕ್ಕೆ ತರುವುದು.

ದರ್ಜಿಯ ಅಂಗಡಿಯಿಂದ ಮನೆಗೆ

ಯುರೋಪಿನಲ್ಲಿ ಉಣ್ಣೆಯ ಕೋಟು ಹೊಲಿಯುವುದು ಬಹುಕಾಲ ಗಂಡಸರ ವೃತ್ತಿಯಾಗಿತ್ತು. ಪ್ಯಾರಿಸಿನ ಹೆಂಗಸರು ತಮ್ಮದೇ ವೃತ್ತಿಸಂಘ ಕಟ್ಟಿಕೊಂಡು ಹೆಂಗಸರ ಉಡುಪು ಹೊಲಿಯಲು 14ನೆಯ ಲೂಯಿ ಅನುಮತಿ ಕೊಟ್ಟದ್ದು 1675ರಲ್ಲಿ. ಆಗಲೂ ಕಡ್ಡಿ ಸೇರಿಸಿ ಬಿಗಿಗೊಳಿಸುವ ಮೇಲುಡುಪಿನ ಕೆಲಸ ದರ್ಜಿಗಳ ಕೈಯಲ್ಲೇ ಉಳಿಯಿತು. ಕುದುರೆ ಸವಾರಿ ಮಾಡುತ್ತಿದ್ದ ಸಿರಿವಂತ ಮನೆಗಳ ಹೆಂಗಸರು ಸವಾರಿಯ ಉಣ್ಣೆ ಉಡುಪನ್ನು ಗಂಡಸರ ಕೋಟು ಹೊಲಿಯುವವರ ಬಳಿಯೇ ಹೊಲಿಸುತ್ತಿದ್ದರು. ಸೊಂಟದಲ್ಲಿ ಬಿಗಿಯಾಗಿ, ಕೆಳಗೆ ಅಗಲವಾಗುವ ಹೆಂಗಸರ ಕೋಟಿನ ಮೂಲ ಅಲ್ಲಿದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಕೌಸ್ ಪಟ್ಟಣದ ಜಾನ್ ರೆಡ್‌ಫರ್ನ್ ಹೆಂಗಸರ ಉಣ್ಣೆ ಕೋಟು ಮತ್ತು ಸ್ಕರ್ಟುಗಳಿಂದಲೇ ಹೆಸರಾದರು. ಭುಜದಿಂದ ಇಲ್ಲವೇ ಕಂಕುಳ ಸುತ್ತಿನಿಂದ ಹೊರಟು, ಎದೆಯುಬ್ಬಿನ ಮೇಲೆ ಹಾದು, ಕೆಳಗಿನ ಅಂಚಿನವರೆಗೆ ಒಂದೇ ಗೆರೆಯಾಗಿ ಇಳಿಯುವ ಪ್ರಿನ್ಸೆಸ್ ಹೊಲಿಗೆ ಜನಪ್ರಿಯವಾದದ್ದು 1870ರ ದಶಕದಲ್ಲಿ. ಅದರ ಕೀರ್ತಿ ಸಾಮಾನ್ಯವಾಗಿ ಪ್ಯಾರಿಸಿನ ಚಾರ್ಲ್ಸ್ ಫ್ರೆಡ್ರಿಕ್ ವರ್ತ್ ಅವರಿಗೆ ಸಲ್ಲುತ್ತದೆ.

ಇಂಥ ಕೋಟು ಅಡುಗೆಮನೆಯ ಮೇಜಿನ ಮೇಲೆ ತಯಾರಾಗಲು ಯಂತ್ರ ಬೇಕಿತ್ತು, ಪ್ಯಾಟರ್ನ್ ಬೇಕಿತ್ತು. ಐಸಾಕ್ ಸಿಂಗರ್ ತಮ್ಮ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. 1856ರಲ್ಲಿ ಅದನ್ನು ಕಂತಿನ ಮೇಲೆ ಕೊಡುವ ಪದ್ಧತಿ ಬಂದು ಸಾಮಾನ್ಯ ಸಂಸಾರಗಳಿಗೂ ಯಂತ್ರ ಎಟುಕಿತು. 1863ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ದರ್ಜಿ ಎಬೆನೀಜರ್ ಬಟರಿಕ್ ಬೇರೆ ಬೇರೆ ಸೈಜುಗಳ ಕಾಗದದ ಪ್ಯಾಟರ್ನುಗಳನ್ನು ಮಾರಾಟಕ್ಕೆ ತಂದರು. ಮೊದಲು ಗಂಡಸರ, ಹುಡುಗರ ಬಟ್ಟೆಗಳವು. ಹೆಂಗಸರವು ಕೆಲವೇ ವರ್ಷಗಳಲ್ಲಿ ಬಂದವು. ವೋಗ್ ಪತ್ರಿಕೆ 1899ರಲ್ಲಿ ಪ್ಯಾಟರ್ನ್ ಕೊಡತೊಡಗಿತು. 1949ರಲ್ಲಿ ಅದೇ ಸಂಸ್ಥೆ ಪಿಯರ್ ಬಾಲ್ಮ್ಯಾ, ಜಾಕ್ ಫಾತ್ ಮೊದಲಾದ ಪ್ಯಾರಿಸಿನ ವಿನ್ಯಾಸಕಾರರ ಮೂಲ ವಿನ್ಯಾಸಗಳನ್ನೇ ಪರವಾನಗಿ ಪಡೆದು ಮನೆ ಹೊಲಿಗೆಯವರ ಕೈಗಿಟ್ಟಿತು.

ಎರಡನೆಯ ಮಹಾಯುದ್ಧ ಬ್ರಿಟನ್ನಿನಲ್ಲಿ ಈ ವಿದ್ಯೆಯನ್ನು ಅನಿವಾರ್ಯವಾಗಿಸಿತು. 1941ರ ಜೂನ್ 1ರಿಂದ ಬಟ್ಟೆಗೂ ರೇಷನ್ ಬಂತು. ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್. ಲೈನಿಂಗ್ ಇರುವ ಹೆಂಗಸರ ಉಣ್ಣೆ ಕೋಟು ಒಂದಕ್ಕೇ 14 ಕೂಪನ್ ಹೋಗುತ್ತಿತ್ತು. ಗೃಹಿಣಿಯರು ಗಂಡಂದಿರ ಹಳೆಯ ಸೂಟು ಬಿಚ್ಚಿ ತಮ್ಮ ಕೋಟು ಕತ್ತರಿಸಿದರು, ಹಾಸಿಗೆಯ ಕಂಬಳಿಗಳನ್ನು ಬಣ್ಣಕ್ಕೆ ಅದ್ದಿ ಹೊಲಿದರು. ಇದ್ದುದನ್ನೇ ತಿದ್ದಿ ತೊಡಿ ಎಂದು ಹೇಳಿಕೊಡುವ ಕೈಪಿಡಿಯನ್ನು ಸರ್ಕಾರವೇ 1943ರಲ್ಲಿ ಹೊರತಂದಿತು. ರೇಷನ್ ತೆರವಾದದ್ದು 1949ರ ಮಾರ್ಚಿನಲ್ಲಿ. ಅಷ್ಟರಲ್ಲಿ, 1947ರ ಫೆಬ್ರವರಿ 12ರಂದು, ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಸಣ್ಣ ಸೊಂಟ, ದುಂಡು ಭುಜ, ತುಂಬು ಘೇರಿನ ಹೊಸ ಮಾದರಿ ತೋರಿಸಿದ್ದರು. ಮೈಗೊಪ್ಪುವ ಕೋಟಿಗೆ ಮತ್ತೆ ಬೇಡಿಕೆ ಬಂತು.

ಅಮೆರಿಕದಲ್ಲಿ ಅದೇ 1947ರಲ್ಲಿ ಉಣ್ಣೆ ಬಟ್ಟೆಯ ಉಡುಪು ಹೊಲಿಯುವ ಸ್ಪರ್ಧೆಯೊಂದು ಶುರುವಾಯಿತು. ಕುರಿ ಸಾಕುವವರ ಸಂಘಟನೆಗಳ ಬೆಂಬಲದಲ್ಲಿ ನಡೆದುಬಂದ ಇದರಲ್ಲಿ ಹದಿಹರೆಯದವರು ಕೋಟು, ಜಾಕೆಟ್ ಹೊಲಿದು, ತಾವೇ ತೊಟ್ಟು ತೀರ್ಪುಗಾರರೆದುರು ನಿಲ್ಲುತ್ತಾರೆ. ಬಟ್ಟೆಯಲ್ಲಿ ಕನಿಷ್ಠ ಶೇ. 60ರಷ್ಟು ಉಣ್ಣೆ ಇರಲೇಬೇಕು. ಜರ್ಮನಿಯಲ್ಲಿ ಎನ್ನೆ ಬುರ್ದಾ 1950ರಲ್ಲಿ ಹೊಲಿಗೆ ಪತ್ರಿಕೆ ಆರಂಭಿಸಿ, 1952ರಿಂದ ಪ್ಯಾಟರ್ನ್ ಹಾಳೆಗಳನ್ನೂ ಅದರೊಳಗೆ ಮಡಚಿ ಕೊಟ್ಟರು. 1987ರಲ್ಲಿ ಅದರ ರಷ್ಯನ್ ಆವೃತ್ತಿ ಸೋವಿಯತ್ ನಾಡಿಗೂ ಹೋಯಿತು.

ಉಣ್ಣೆಯ ಗುಣ

ಕೋಟಿಗೆ ಉಣ್ಣೆಯೇ ಯಾಕೆ ಎಂಬುದಕ್ಕೆ ಬೆಚ್ಚಗಿರುತ್ತದೆ ಎನ್ನುವುದು ಪೂರ್ತಿ ಉತ್ತರವಲ್ಲ. ಉಣ್ಣೆಯ ಎಳೆ ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು; ಹುಟ್ಟಿನಿಂದಲೇ ಸುರುಳಿಸುರುಳಿ. ಸುರುಳಿಗಳ ನಡುವೆ ಗಾಳಿ ನಿಂತು ಮೈಯ ಕಾವು ಹೊರಹೋಗದಂತೆ ತಡೆಯುತ್ತದೆ. ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಎನಿಸದು. ದರ್ಜಿಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ. ಕೆರಾಟಿನ್ ಸರಪಣಿಗಳನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳು ಬಿಸಿ ಹಬೆಗೆ ಸಡಿಲುತ್ತವೆ, ಬಟ್ಟೆ ಆರಿ ತಣ್ಣಗಾದಾಗ ಹೊಸ ಜಾಗದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಹಾಗಾಗಿ ಚಪ್ಪಟೆ ಬಟ್ಟೆಯನ್ನು ಎದೆಯ ಉಬ್ಬಿಗೆ, ಬೆನ್ನಿನ ಬಾಗಿಗೆ ತಕ್ಕಂತೆ ಒಂದು ಕಡೆ ಕುಗ್ಗಿಸಿ ಇನ್ನೊಂದು ಕಡೆ ಹಿಗ್ಗಿಸಿ ಆಕಾರ ಕೊಡಬಹುದು. ಹತ್ತಿಯಲ್ಲಿ, ಪಾಲಿಯೆಸ್ಟರಿನಲ್ಲಿ ಇದು ಇಷ್ಟು ಸಲೀಸಾಗಿ ಆಗದು.

ಎಳೆಯ ಮೈಮೇಲೆ ಸಣ್ಣ ಪೊರೆಗಳಿವೆ. ನೀರು, ಶಾಖ, ತಿಕ್ಕಾಟ ಮೂರೂ ಸೇರಿದರೆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ. ಗಿರಣಿಯಲ್ಲಿ ಬೇಕೆಂದೇ ಹೀಗೆ ಮಾಡಿದರೆ ಗಾಳಿ ನುಗ್ಗದ ಕೋಟು ಬಟ್ಟೆ ಸಿಗುತ್ತದೆ. ಹೊಲಿದ ಮೇಲೆ ಅರಿಯದೆ ಒಗೆದರೆ ಕೋಟೇ ಹಾಳು.

ಕರ್ನಾಟಕದ ಉಣ್ಣೆ ಇನ್ನೊಂದು ದಾರಿ ಹಿಡಿದಿದೆ. ಡೆಕ್ಕನಿ ಕುರಿಯ ಒರಟು ಉಣ್ಣೆಯಿಂದ ಚಳ್ಳಕೆರೆಯಲ್ಲಿ, ರಾಣೆಬೆನ್ನೂರು ಸೀಮೆಯ ಮೆಡ್ಲೇರಿಯಲ್ಲಿ ಕುರುಬರು ನೇಯುವ ಕಂಬಳಿಗೆ ಹುಣಸೆಬೀಜದ ಗಂಜಿಯಿಂದ ಬಿಗುವು ಬರುತ್ತದೆ. ಕಂಬಳಿಯನ್ನು ಕತ್ತರಿಸುವುದಿಲ್ಲ, ಮಳೆಗೆ ಕೊಪ್ಪೆಯಾಗಿ ಮಡಚಿ ತಲೆಯ ಮೇಲೆ ಹಾಕಿಕೊಳ್ಳುತ್ತಾರೆ, ರಾತ್ರಿ ಬಿಡಿಸಿ ಹೊದೆಯುತ್ತಾರೆ. ಹೊದೆಯುವ ಉಣ್ಣೆಗೆ ಯಾರ ಅಳತೆಯೂ ಬೇಡ. ತೊಡುವ ಕೋಟು ಒಬ್ಬರ ಮೈಗೆಂದೇ ಕತ್ತರಿಸಿದ್ದು.

ಬಟ್ಟೆಯ ಆಯ್ಕೆ

ಕೋಟಿಗೆ ಒದಗುವುದು ಸಾಮಾನ್ಯವಾಗಿ ಚದರ ಮೀಟರಿಗೆ 400ರಿಂದ 600 ಗ್ರಾಂ ತೂಗುವ ಬಟ್ಟೆ. ಇಂಗ್ಲೆಂಡಿನ ಮೆಲ್ಟನ್ ಮೌಬ್ರೆ ಊರಿನ ಹೆಸರು ಹೊತ್ತ ಮೆಲ್ಟನ್ ಬಟ್ಟೆ ಚೆನ್ನಾಗಿ ಕುಗ್ಗಿಸಿ ನಯಮಾಡಿದ್ದು. ಅದರ ನೇಯ್ಗೆ ಕಣ್ಣಿಗೆ ಕಾಣದು, ಕತ್ತರಿಸಿದ ಅಂಚು ಎಳೆ ಬಿಡದು. ಮೊದಲ ಕೋಟಿಗೆ ಇದು ಒಳ್ಳೆಯ ಗೆಳೆಯ. ಆಲ್ಪ್ಸ್ ಸೀಮೆಯ ಲೋಡೆನ್ ಕೂಡ ಅದೇ ಜಾತಿಯದು. ಟ್ವೀಡಿನ ನೇಯ್ಗೆ ಸಡಿಲ. ಅಂಚು ಬಿಚ್ಚಿಕೊಳ್ಳುವುದರಿಂದ ಹೊಲಿಗೆಯ ಮಾರ್ಜಿನ್ ಹೆಚ್ಚು ಬಿಡಬೇಕು. ಹ್ಯಾರಿಸ್ ಟ್ವೀಡಿಗೆ 1993ರ ಬ್ರಿಟಿಷ್ ಕಾಯಿದೆಯ ರಕ್ಷಣೆಯಿದೆ: ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಬಣ್ಣ ಹಾಕಿ ನೂತ ಹೊಸ ಉಣ್ಣೆಯನ್ನು ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಮಗ್ಗದಲ್ಲಿ ನೇಯ್ದರೆ ಮಾತ್ರ ಆ ಹೆಸರು. ಹಳೆಯ ಮಗ್ಗದ ಬಟ್ಟೆಯ ಅಗಲ ಸುಮಾರು 75 ಸೆಂ.ಮೀ., ಹೊಸ ಮಗ್ಗದ್ದು 150 ಸೆಂ.ಮೀ. ಕೊಳ್ಳುವ ಮೀಟರ್ ಲೆಕ್ಕ ಅದರ ಮೇಲೇ ನಿಲ್ಲುತ್ತದೆ.

150 ಸೆಂ.ಮೀ. ಅಗಲದ ಬಟ್ಟೆಯಾದರೆ ಮೊಣಕಾಲುದ್ದದ ಕೋಟಿಗೆ ಎರಡೂವರೆಯಿಂದ ಮೂರು ಮೀಟರ್ ಸಾಕಾಗುತ್ತದೆ. ಚೌಕಳಿ ಇದ್ದರೆ ಚೌಕಗಳು ಹೊಲಿಗೆಯಲ್ಲಿ ಕೂಡಬೇಕಾದ್ದರಿಂದ ಹೆಚ್ಚು ಬೇಕು. ನವಿರು ಎದ್ದ ಬಟ್ಟೆಯಲ್ಲಿ ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಬೇಕು. ಇಲ್ಲವಾದರೆ ಬೆಳಕಿನಲ್ಲಿ ಒಂದು ಪಾರ್ಶ್ವ ತಿಳಿಯಾಗಿ, ಇನ್ನೊಂದು ಗಾಢವಾಗಿ ಕಾಣುತ್ತದೆ.

ಕತ್ತರಿಸುವ ಮುನ್ನ ಬಟ್ಟೆಯನ್ನು ಒಮ್ಮೆ ಕುಗ್ಗಿಸಲೇಬೇಕು. ಒದ್ದೆ ಹತ್ತಿ ಬಟ್ಟೆಯ ನಡುವೆ ಉಣ್ಣೆಯನ್ನು ಮಡಚಿಟ್ಟು, ತೇವ ಹೀರಿದ ಮೇಲೆ ಹರವಿ, ಎಳೆಯದೆ ತಾನಾಗಿ ಆರಲು ಬಿಡುವುದು ಇಂಗ್ಲೆಂಡಿನ ಹಳೆಯ ಪದ್ಧತಿ. ಈಗ ಬಹಳ ಮಂದಿ ಇಡೀ ಬಟ್ಟೆಗೆ ಇಸ್ತ್ರಿಯ ಹಬೆ ಕೊಟ್ಟು ಕುಗ್ಗಿಸುತ್ತಾರೆ. ಈ ಹಂತ ಬಿಟ್ಟವರಿಗೆ ಕಾಲರಿಗೆ ಹಬೆ ಕೊಡುವಾಗ ಹೊರಬಟ್ಟೆ ಕುಗ್ಗಿ, ಒಳಗಿನ ಕ್ಯಾನ್ವಾಸ್ ಉಬ್ಬಿ ನಿಲ್ಲುತ್ತದೆ.

ಪ್ಯಾಟರ್ನ್ ಮತ್ತು ಪರೀಕ್ಷೆ

ಮಾದರಿಗೆ ಪ್ರಿನ್ಸೆಸ್ ಹೊಲಿಗೆಯ ಕೋಟನ್ನೇ ತೆಗೆದುಕೊಳ್ಳಬಹುದು. ಮುಂಭಾಗಕ್ಕೆ ನಾಲ್ಕು ತುಂಡು, ಹಿಂಭಾಗಕ್ಕೆ ನಾಲ್ಕು. ಬೆನ್ನ ನಡುವಿನದೂ ಸೇರಿ ಏಳು ಉದ್ದ ಹೊಲಿಗೆಗಳು. ಒಂದೊಂದರಲ್ಲೂ ಸ್ವಲ್ಪ ಒಳಗೆ ತೆಗೆದುಕೊಳ್ಳಬಹುದು, ಸ್ವಲ್ಪ ಬಿಡಬಹುದು. ಎದೆ, ಸೊಂಟ, ಪೃಷ್ಠಗಳ ಅಳತೆ ಅಂಗಡಿಯ ಯಾವ ಸೈಜಿಗೂ ಕೂಡದವರಿಗೆ ಇದಕ್ಕಿಂತ ಅನುಕೂಲದ ವಿನ್ಯಾಸ ಇಲ್ಲ.

ಕೋಟಿನ ಎದೆಸುತ್ತು ಮೈಯ ಅಳತೆಗಿಂತ 10ರಿಂದ 15 ಸೆಂ.ಮೀ. ಹೆಚ್ಚಿರುತ್ತದೆ. ಒಳಗೆ ಸ್ವೆಟರ್ ಬರುತ್ತದೆ, ಕೈ ಮುಂದಕ್ಕೆ ಚಾಚಬೇಕು, ಬಟ್ಟೆಯ ದಪ್ಪವೂ ಜಾಗ ತಿನ್ನುತ್ತದೆ. ಬೆಲೆಬಾಳುವ ಉಣ್ಣೆಗೆ ಕತ್ತರಿ ಹಾಕುವ ಮೊದಲು ಕೋರಾ ಬಟ್ಟೆಯಲ್ಲಿ ಪರೀಕ್ಷೆಯ ಕೋಟೊಂದನ್ನು ದೊಡ್ಡ ಟಾಕುಗಳಲ್ಲಿ ಹೊಲಿದು, ಚಳಿಗಾಲದಲ್ಲಿ ತೊಡುವ ಸ್ವೆಟರಿನ ಮೇಲೆಯೇ ಹಾಕಿ ನೋಡುತ್ತಾರೆ. ಮೊದಲು ತಿದ್ದಬೇಕಾದದ್ದು ಭುಜ, ಕೋಟು ತೂಗುವುದೇ ಅಲ್ಲಿಂದ. ಭುಜ ಸರಿಯಾದರೆ ಕೆಳಗಿನ ಅರ್ಧ ಸುಕ್ಕುಗಳು ತಾವಾಗಿ ಮಾಯವಾಗುತ್ತವೆ. ಎದೆಯ ಕಡೆ ಬೆರಳು ಮಾಡುವ ಓರೆ ಸುಕ್ಕು ಅಲ್ಲಿ ಬಟ್ಟೆ ಸಾಲದೆಂದು ಹೇಳುತ್ತದೆ. ಬೆನ್ನಿನ ಕೆಳಗೆ ಅಡ್ಡ ಮಡಿಕೆ ಬಿದ್ದರೆ ಅಲ್ಲಿ ಉದ್ದ ಹೆಚ್ಚಾಯಿತು. ತೊಟ್ಟವರು ಕೂರಬೇಕು, ಕೈ ಎತ್ತಬೇಕು, ಎರಡೂ ಕೈ ಮುಂದೆ ಕಟ್ಟಬೇಕು. ಸುಮ್ಮನೆ ನಿಂತಾಗ ಮಾತ್ರ ಚೆಂದ ಕಾಣುವ ಕೋಟಿನಿಂದ ಪ್ರಯೋಜನವಿಲ್ಲ. ತಿದ್ದಿದ ಗೆರೆಗಳನ್ನೆಲ್ಲ ಕಾಗದದ ಪ್ಯಾಟರ್ನಿಗೆ ಇಳಿಸಿಕೊಂಡ ಮೇಲೆ ಉಣ್ಣೆಗೆ ಕತ್ತರಿ.

ಒಳಗಿನ ಕೋಟು

ಒಳ್ಳೆಯ ಕೋಟಿನ ಎದೆಯೊಳಗೆ ಇರುವುದು ಕೂದಲಿನ ಕ್ಯಾನ್ವಾಸ್: ಹತ್ತಿ ಅಥವಾ ಉಣ್ಣೆಯ ಹಾಸಿಗೆ ಮೇಕೆ ಇಲ್ಲವೇ ಕುದುರೆಯ ಕೂದಲನ್ನು ಹೊಕ್ಕಾಗಿ ನೇಯ್ದ ಚಿಮ್ಮುಬಟ್ಟೆ. ಮಡಚಿ ಬಿಟ್ಟರೆ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಇದನ್ನು ಮುಂಭಾಗದ ಉಣ್ಣೆಯ ಹಿಂದಿಟ್ಟು, ಕಾಲರಿನಿಂದ ಮಗುಚಿ ಬೀಳುವ ಲ್ಯಾಪೆಲ್ ಭಾಗಕ್ಕೆ ಕೈಯಲ್ಲೇ ಸಾಲುಸಾಲು ಓರೆ ಟಾಕು ಹಾಕುತ್ತಾರೆ. ಪ್ರತಿ ಟಾಕಿನಲ್ಲೂ ಸೂಜಿ ಹೊರಬಟ್ಟೆಯ ಒಂದೆರಡು ಎಳೆ ಮಾತ್ರ ಹಿಡಿಯಬೇಕು. ಮುಂದಿನಿಂದ ನೋಡಿದರೆ ಚುಕ್ಕೆಯೂ ಕಾಣಬಾರದು. ಟಾಕು ಹಾಕುವಾಗ ಲ್ಯಾಪೆಲನ್ನು ಎಡಗೈ ಬೆರಳ ಮೇಲೆ ಬಾಗಿಸಿಯೇ ಹಿಡಿಯುತ್ತಾರೆ. ಆ ಬಾಗು ಹೊಲಿಗೆಯೊಳಗೆ ಸೆರೆಯಾಗಿ, ಲ್ಯಾಪೆಲ್ ಮುಂದೆ ಎಂದೂ ಸೆಟೆದು ನಿಲ್ಲದೆ ಎದೆಯ ಕಡೆ ಒರಗುತ್ತದೆ. ಮಡಿಕೆಯ ಬಳಿ ಟಾಕಿನ ಉದ್ದ ಸುಮಾರು 1 ಸೆಂ.ಮೀ., ಚೂಪಾದ ತುದಿಯಲ್ಲಿ ಅದರ ಅರ್ಧ.

ಮಡಿಕೆಯ ಗೆರೆಗುಂಟ ಹತ್ತಿಯ ಕಿರಿದು ಪಟ್ಟಿಯೊಂದನ್ನು ಗೆರೆಗಿಂತ ಸುಮಾರು 1 ಸೆಂ.ಮೀ. ಗಿಡ್ಡವಾಗಿ ಇಟ್ಟು ಹೊಲಿಯುತ್ತಾರೆ. ಹೆಚ್ಚಾದ ಉಣ್ಣೆ ಹಬೆಗೆ ಕುಗ್ಗಿ, ಕೋಟಿನ ಮುಂಭಾಗ ಬಾಯ್ಬಿಡದೆ ಎದೆಗೆ ಅಂಟಿಕೊಳ್ಳುತ್ತದೆ. ಕಾಲರಿನ ಅಡಿಭಾಗವನ್ನು ಓರೆಯಾಗಿ ಕತ್ತರಿಸುತ್ತಾರೆ, ಕುತ್ತಿಗೆಯ ಸುತ್ತ ಬಾಗಲಿ ಎಂದು. ಮೇಲ್ಭಾಗ ಅಡಿಭಾಗಕ್ಕಿಂತ ಎರಡು ಮೂರು ಮಿ.ಮೀ. ದೊಡ್ಡದಿರಬೇಕು. ದಪ್ಪ ಬಟ್ಟೆ ಮಗುಚುವಾಗ ಹೊರಪದರಕ್ಕೆ ಹೆಚ್ಚು ದಾರಿ ಬೇಕಾಗುತ್ತದೆ. ಈ ಅಂತರ ಬಿಡದಿದ್ದರೆ ಕಾಲರಿನ ತುದಿ ಮೇಲಕ್ಕೆ ಸುರುಳುತ್ತದೆ, ಅಡಿಯ ಹೊಲಿಗೆ ಇಣುಕುತ್ತದೆ.

ಇಸ್ತ್ರಿಗೆ ಅಂಟುವ ಪೇಸ್ಟಿಂಗ್ ಬಂದ ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು ಕೈಟಾಕನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟವು. ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಮನೆಯಲ್ಲೂ ಎಷ್ಟೋ ಮಂದಿ ಮುಂಭಾಗಕ್ಕೆ ಒಳ್ಳೆಯ ದರ್ಜೆಯ ಪೇಸ್ಟಿಂಗ್ ಹಾಕಿ, ಲ್ಯಾಪೆಲ್ ಮತ್ತು ಕಾಲರಿಗೆ ಮಾತ್ರ ಕೈಟಾಕು ಹಾಕುತ್ತಾರೆ. ಆದರೆ ಅಂಟಿದ ಪದರ ಬಟ್ಟೆಯನ್ನು ಚಪ್ಪಟೆಯಾಗಿ ಹಿಡಿದಿಡುತ್ತದೆ, ಕಳಪೆಯದಾದರೆ ವರ್ಷಗಳ ಮೇಲೆ ಗುಳ್ಳೆ ಏಳುತ್ತದೆ. ಲಂಡನ್ನಿನ ಸೆವಿಲ್ ರೋ ಬೀದಿಯ ದರ್ಜಿಗಳ ಸಂಘ ಒಂದು ಸೂಟಿಗೆ ಕನಿಷ್ಠ 50 ಗಂಟೆಗಳ ಕೈಕೆಲಸ ಬೇಕೆಂದು ನಿಯಮ ಮಾಡಿಕೊಂಡಿದೆ. ಅಷ್ಟು ಗಂಟೆಗಳ ಕೂಲಿ ತೆರುವುದು ಎಲ್ಲರ ಕೈಲಾಗದು. ಮನೆಯಲ್ಲಿ ಹೊಲಿಯುವವರು ಆ ಹೊತ್ತನ್ನು ಸಂಜೆಗಳಿಂದ, ರಜೆಗಳಿಂದ ಕೂಡಿಸಿಕೊಳ್ಳುತ್ತಾರೆ. ಮನೆಯ ಕೋಟು ಅಂಗಡಿಯ ಕೋಟನ್ನು ಮೀರಿಸಬಲ್ಲದ್ದು ಇಲ್ಲಿಯೇ.

ಇಸ್ತ್ರಿ ಮತ್ತು ತೋಳು

ಉಣ್ಣೆಯ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡುವಂತಿಲ್ಲ. ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆ ಇಟ್ಟು, ಒತ್ತಿ, ಎತ್ತಬೇಕು. ನೇರ ತಾಗಿದರೆ ಉಣ್ಣೆ ಹೊಳಪೆದ್ದು ಕೆಡುತ್ತದೆ. ಬಾಗಿದ ಹೊಲಿಗೆಗಳನ್ನು ಚಪ್ಪಟೆ ಮೇಜಿನ ಮೇಲೆ ಒತ್ತಿದರೆ ಕೊಟ್ಟ ಆಕಾರವೆಲ್ಲ ಹೋಗುತ್ತದೆ. ಅದಕ್ಕಾಗಿ ಮರದ ಹೊಟ್ಟು ತುಂಬಿದ ಮೊಟ್ಟೆಯಾಕಾರದ ಗಟ್ಟಿ ದಿಂಬು ಬೇಕು. ಹಬೆ ಕೊಟ್ಟ ಕೂಡಲೇ ಹೊಲಿಗೆಯ ಮೇಲೆ ನಯವಾದ ಮರದ ತುಂಡೊಂದನ್ನು ಅದುಮಿ ಹಿಡಿಯುತ್ತಾರೆ. ಮರ ತೇವ ಹೀರಿ, ಶಾಖವನ್ನು ಒಳಗೇ ತಡೆದು, ದಪ್ಪ ಅಂಚನ್ನು ತೆಳ್ಳಗೆ ಕೂರಿಸುತ್ತದೆ. ಬಟ್ಟೆ ಪೂರ್ತಿ ತಣ್ಣಗಾಗುವವರೆಗೆ ಅಲುಗಿಸಬಾರದು. ಒಂದು ಹೊಲಿಗೆಯನ್ನು ಇಸ್ತ್ರಿ ಮಾಡದೆ ಅದನ್ನು ದಾಟುವ ಇನ್ನೊಂದನ್ನು ಹಾಕಬಾರದೆಂಬುದು ಕೋಟಿನ ಮೊದಲ ಶಿಸ್ತು.

ಈ ಹಬೆಯ ವಿದ್ಯೆ ಹೆಚ್ಚು ಬೇಕಾಗುವುದು ತೋಳಿಗೆ. ತೋಳಿನ ಮೇಲ್ತುದಿಯ ಸುತ್ತಳತೆ ಅದನ್ನು ಕೂರಿಸಬೇಕಾದ ಕಂಕುಳ ಸುತ್ತಿಗಿಂತ ಮೂರರಿಂದ ಐದು ಸೆಂ.ಮೀ. ಹೆಚ್ಚಿರುತ್ತದೆ. ಭುಜದ ದುಂಡಿಗೆ ಆ ಹೆಚ್ಚಳ ಬೇಕೇ ಬೇಕು. ಆದರೆ ನೆರಿಗೆ ಬೀಳಬಾರದು. ಎರಡು ಸಾಲು ಸಡಿಲ ಹೊಲಿಗೆ ಹಾಕಿ, ನೂಲನ್ನು ನಯವಾಗಿ ಜಗ್ಗಿ, ದಿಂಬಿನ ತುದಿಯ ಮೇಲಿಟ್ಟು ಹಬೆ ಕೊಟ್ಟರೆ ಹೆಚ್ಚಿನ ಬಟ್ಟೆ ಕುಗ್ಗಿ ತೋಳಿನ ತಲೆ ಬಟ್ಟಲಿನಂತೆ ತುಂಬಿಕೊಳ್ಳುತ್ತದೆ. ಆಮೇಲೆ ಕೈಟಾಕಿನಲ್ಲಿ ಕೂಡಿಸಿ, ತೊಟ್ಟು ನೋಡಿ, ತೋಳು ಹಿಂದಕ್ಕೂ ಮುಂದಕ್ಕೂ ತಿರುಚಿಲ್ಲವೆಂದು ಖಚಿತವಾದ ಮೇಲೇ ಯಂತ್ರದ ಹೊಲಿಗೆ. ಒಳಗೆ ಭುಜದ ಪ್ಯಾಡು, ತೋಳಿನ ತಲೆಗೆ ಉಣ್ಣೆಯ ಕಿರುಪಟ್ಟಿ ಸೇರಿಸಿದರೆ ಭುಜ ಜೋತುಬೀಳುವುದಿಲ್ಲ.

ಕಾಜಾ, ಲೈನಿಂಗ್ ಮತ್ತು ಮುಂದಿನ ವರ್ಷಗಳು

ಗುಂಡಿಗಳಲ್ಲಿ ಮೊದಲು ಜಾಗ ಗೊತ್ತುಮಾಡುವುದು ಎದೆಯ ತುಂಬು ಗೆರೆಯದು. ಅಲ್ಲಿ ಗುಂಡಿ ಇಲ್ಲದಿದ್ದರೆ ಕೋಟು ಬಾಯಿ ತೆರೆಯುತ್ತದೆ. ಮಿಕ್ಕವು ಅದರಿಂದ ಸಮನಾಗಿ ಮೇಲೆ ಕೆಳಗೆ. ದಪ್ಪ ಉಣ್ಣೆಗೆ ಎರಡು ಬಗೆಯ ಕಾಜಾ ಒಪ್ಪುತ್ತವೆ. ಒಂದು, ಸೀಳಿನ ಎರಡೂ ತುಟಿಗಳಿಗೆ ಅದೇ ಬಟ್ಟೆಯ ಪಟ್ಟಿ ಕೂರಿಸುವುದು. ಇದನ್ನು ಕ್ಯಾನ್ವಾಸ್ ಹಚ್ಚಿದ ಮೇಲೆ, ಒಳಮಡಿಕೆ ಜೋಡಿಸುವ ಮುನ್ನ, ಆರಂಭದಲ್ಲೇ ಮಾಡಬೇಕು. ಇನ್ನೊಂದು, ಒಂದು ತುದಿ ದುಂಡಗಿರುವ ಸೀಳಿನ ಸುತ್ತ ರೇಷ್ಮೆ ದಾರದಲ್ಲಿ ಗಂಟು ಟಾಕು ಹಾಕುವುದು. ಇದು ಕೊನೆಯ ಕೆಲಸ. ಗುಂಡಿ ಹೊಲಿಯುವಾಗ ಬಟ್ಟೆಯ ದಪ್ಪದಷ್ಟು ದಾರದ ಕಾಂಡ ಬಿಡಬೇಕು. ಇಲ್ಲದಿದ್ದರೆ ಗುಂಡಿ ಹಾಕಿದಾಗ ಮುಂಭಾಗ ಗುಳಿ ಬೀಳುತ್ತದೆ.

ಲೈನಿಂಗಿಗೆ ರೇಷ್ಮೆ, ರೇಯಾನ್, ಕ್ಯುಪ್ರೋಗಳಂಥ ಜಾರುವ ಬಟ್ಟೆ ಬಳಸುತ್ತಾರೆ, ಸ್ವೆಟರಿನ ಮೇಲೂ ಕೋಟು ಸಲೀಸಾಗಿ ಏರಲಿ ಎಂದು. ಲೈನಿಂಗಿಗೆ ಉಣ್ಣೆಯ ಹಿಗ್ಗುವಿಕೆ ಇಲ್ಲ. ಅದಕ್ಕೆ ಬೆನ್ನ ನಡುವೆ ಎರಡೂವರೆ ಸೆಂ.ಮೀ. ಮಡಿಕೆ, ತೋಳಿನ ಮತ್ತು ಕೆಳಗಿನ ಅಂಚಿನಲ್ಲಿ ಸ್ವಲ್ಪ ಸಡಿಲ ಬಿಡುತ್ತಾರೆ. ಕೈ ಚಾಚಿದಾಗ ಈ ಮಡಿಕೆ ಬಿಚ್ಚಿ ಹೊಲಿಗೆ ಹರಿಯದಂತೆ ಕಾಯುತ್ತದೆ.

ತೊಟ್ಟ ಕೋಟಿಗೆ ಬ್ರಷ್ ಸಾಕು. ಒಗೆತ ಬೇಡ, ಡ್ರೈಕ್ಲೀನಿಂಗ್ ಸಹ ಅಪರೂಪಕ್ಕೆ. ಬಟ್ಟೆಯ ಪತಂಗದ ಮರಿಹುಳುಗಳು ಕೆರಾಟಿನ್ ಅರಗಿಸಿಕೊಳ್ಳಬಲ್ಲವು. ಬೆವರು, ಕಲೆ ಇರುವ ಜಾಗಗಳನ್ನೇ ಮೊದಲು ಮೇಯುತ್ತವೆ. ಬೇಸಿಗೆಗೆ ಎತ್ತಿಡುವ ಮೊದಲು ಶುಚಿಮಾಡಿ ಗಾಳಿಗೆ ಹಾಕಬೇಕಾದದ್ದು ಅದಕ್ಕೆ. ಕೋಟಿನಲ್ಲಿ ಉಣ್ಣೆಗಿಂತ ಮೊದಲು ಸವೆಯುವುದು ಲೈನಿಂಗ್. ಅದನ್ನು ಬಿಚ್ಚಿ, ಬಿಚ್ಚಿದ ತುಂಡುಗಳನ್ನೇ ಪ್ಯಾಟರ್ನ್ ಮಾಡಿಕೊಂಡು ಹೊಸದನ್ನು ಕತ್ತರಿಸಬಹುದು. ಉದ್ದ ಹೊಲಿಗೆಗಳಲ್ಲಿ ಎರಡೂವರೆ ಸೆಂ.ಮೀ. ಮಾರ್ಜಿನ್ ಬಿಟ್ಟು ಹೊಲಿದಿದ್ದರೆ ಮೈ ತುಂಬಿದ ಕಾಲಕ್ಕೂ ಕೋಟು ಕೈಬಿಡದು: ಏಳು ಹೊಲಿಗೆಗಳನ್ನೂ ಎರಡೂ ಕಡೆ ಅರ್ಧರ್ಧ ಸೆಂ.ಮೀ. ಬಿಟ್ಟರೆ ಸುತ್ತಳತೆಗೆ 7 ಸೆಂ.ಮೀ. ಸಿಗುತ್ತದೆ, ಹಳೆಯ ಹೊಲಿಗೆಯ ಗೆರೆ ಹಬೆಗೆ ಮಾಸಿಹೋಗುತ್ತದೆ.